‘ಎಂತ?’ ಎಂದ ಗೋಲ್‌ಕೀಪರ್

ನನಗೆ ಕೊಂಕಣಿ ಬರುತ್ತದೆ, ಅಶ್ರಫ್. ನಿನ್ನೆ ಮೊನ್ನೆ ಕಲಿತದ್ದಲ್ಲ — ಶಾಲೆಗೆ ಸೇರುವ ಮೊದಲೇ ಬರುತ್ತಿತ್ತು. ಆರು ವರ್ಷದ ಹಿಂದಿನ ಆ ಶುಕ್ರವಾರ ನಾನು ಮೂರು ಪೆನಾಲ್ಟಿ ಹಿಡಿದದ್ದು ಯಾರ ಕಾಲನ್ನೂ ಓದಿ ಅಲ್ಲ. ನಿನ್ನ ಕ್ಯಾಪ್ಟನ್ ವಿನ್ಸಿ ಕೊಂಕಣಿಯಲ್ಲಿ ಕೂಗಿ ಹೇಳಿದ್ದನ್ನು ಕೇಳಿ ಹಿಡಿದೆ. ನೀನು ನನಗೆ ಯಾವ ಸನ್ನೆಯನ್ನೂ ಮಾಡಿರಲಿಲ್ಲ. ಇದು ನಿನಗೆ ಗೊತ್ತಿತ್ತು, ಆದರೆ ನಿನ್ನ ಹತ್ತಿರ ಸಾಕ್ಷಿ ಇರಲಿಲ್ಲ. ಸಾಕ್ಷಿ ಮಹಬೂಲಾದಲ್ಲಿ ನಾವಿಬ್ಬರೂ ಹಂಚಿಕೊಂಡಿದ್ದ ಕೋಣೆಯಲ್ಲಿ ನಿನ್ನ ಪಕ್ಕದ ಮಂಚದ ಮೇಲೆಯೇ ಮಲಗುತ್ತಿತ್ತು.

ನಿನ್ನ ನಂತರ ಬೇರೆಯವರೂ ಇದನ್ನು ಓದಬೇಕು. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಬೇಡ.

ನಮ್ಮದು ಬಂದರಿನ ಕಾಲೇಜು, ನಿಮ್ಮದು ಗುಡ್ಡದ ಕಾಲೇಜು. ರಾಜ್ಯದ ಕಾಲೇಜು ಫುಟ್‌ಬಾಲ್ ಎಂದರೆ ಈ ಎರಡೇ ಎಂದು ನಾವೂ ನಂಬಿದ್ದೆವು, ನೀವೂ ನಂಬಿದ್ದಿರಿ. ಬೆಂಗಳೂರಿನವರು ಮೂರನೆಯ ಸ್ಥಾನಕ್ಕೆ ಹೊಡೆದಾಡಲಿ ಎನ್ನುವುದು ಇಬ್ಬರ ಮಾತೂ ಆಗಿತ್ತು. ಓದು ಮುಗಿಸಿ, ಇಕಾಮಾ ಎಂಬ ವಾಸದ ಪರವಾನಗಿ ಮಾಡಿಸಿಕೊಂಡು ಕೊಲ್ಲಿಯ ಈ ದೇಶಕ್ಕೆ ಬಂದರೂ ಆ ಜಗಳ ಬಿಡಲಿಲ್ಲ. ಇಂದಿಗೂ ಊರಿನಲ್ಲಿ ಯಾವ ಕಾಲೇಜು ಗೆದ್ದರೂ ಇಲ್ಲಿ ಅದರ ಹಳೆಯ ವಿದ್ಯಾರ್ಥಿಗಳು ಸೋತವರ ಕಚೇರಿಗೆ ಹೋಗಿ ಲಾಡು ಕೊಟ್ಟು ಬರುತ್ತಾರೆ. ವರ್ಷಕ್ಕೊಂದು ಶುಕ್ರವಾರ ನಮ್ಮದೇ ಪಂದ್ಯ. ಹೊಟ್ಟೆ ಬಂದವರು, ಕೂದಲು ಹೋದವರು, ಮಂಡಿಗೆ ಪಟ್ಟಿ ಕಟ್ಟಿಕೊಂಡವರು — ಆ ಒಂದು ಸಂಜೆ ಮಾತ್ರ ಯಾರಿಗೂ ವಯಸ್ಸಾಗಿರುವುದಿಲ್ಲ.

ನಾನು ಮೀನಾ ಅಬ್ದುಲ್ಲಾ ಎಂಬಲ್ಲಿ ಒಂದು ಕಂಪನಿಯ ಸ್ಟೋರ್‌ಕೀಪರ್, ಪಂದ್ಯದಲ್ಲಿ ಗೋಲ್‌ಕೀಪರ್. ಕಾಯುವುದೇ ನನ್ನ ಹಣೆಬರಹ ಎಂದು ನೀನು ಚೇಷ್ಟೆ ಮಾಡುತ್ತಿದ್ದೆ. ನೀನೂ ನನ್ನಂತೆ ಬ್ಯಾರಿ, ಮನೆಮಾತು ಕೊಂಕಣಿಯಲ್ಲ, ಆದರೆ ಓದಿದ್ದು ಗುಡ್ಡದಲ್ಲಿ. ಹಾಸ್ಟೆಲಿನಲ್ಲಿ ಕೊಂಕಣಿ ಕಲಿತೆ, ಆ ಕಾಲೇಜಿನ ಕೆಂಪು ಜೆರ್ಸಿಯನ್ನು ಇಸ್ತ್ರಿ ಮಾಡಿ ಇಡುತ್ತಿದ್ದೆ. ಪಂದ್ಯದ ವಾರ ಕೋಣೆಯಲ್ಲಿ ನಾವು ಫುಟ್‌ಬಾಲ್ ಬಿಟ್ಟು ಉಳಿದದ್ದೆಲ್ಲ ಮಾತಾಡುತ್ತಿದ್ದೆವು. ಅದು ನೀನೇ ಮಾಡಿದ ನಿಯಮ.

ಕೊಂಕಣಿಯನ್ನು ನಾನೇಕೆ ಬಚ್ಚಿಟ್ಟೆ? ಇದನ್ನು ನಾನೂ ಹಲವು ಸಲ ಕೇಳಿಕೊಂಡಿದ್ದೇನೆ. ಮೊದಲಿಗೆ ಅದೊಂದು ಗುಟ್ಟೇ ಆಗಿರಲಿಲ್ಲ. ಇಲ್ಲಿಗೆ ಬಂದ ಹೊಸತರಲ್ಲಿ ಕಂಪನಿಯ ಬಸ್ಸಿನಲ್ಲಿ ಇಬ್ಬರು ನನ್ನ ಮುಂದೆಯೇ ಕುಳಿತು ಕೊಂಕಣಿಯಲ್ಲಿ ನನ್ನ ಹೊಟ್ಟೆಯ ಬಗ್ಗೆ ಮಾತಾಡಿಕೊಂಡರು. ನಾನು ಕಿಟಕಿ ನೋಡುತ್ತ ನಗು ನುಂಗಿದೆ. ಮರುದಿನ ಇನ್ನೇನು ಹೇಳುತ್ತಾರೋ ಎಂಬ ಕುತೂಹಲ. ಅದರ ಮರುದಿನವೂ. ನನಗೆ ಹುಟ್ಟಿನಿಂದಲೇ ಕದ್ದು ಕೇಳುವ ಚಪಲ, ಸುಳ್ಳು ಹೇಳಲಾರೆ. ಯಾರ ಮಗಳ ಮದುವೆ ಮುರಿಯಿತು, ಯಾವ ಮ್ಯಾನೇಜರ್ ಹೋಗುವವನಿದ್ದಾನೆ — ಎಲ್ಲ ನನಗೆ ಮೊದಲೇ ಗೊತ್ತು. ಹೀಗೆ ಕೆಲವು ವರ್ಷ ಕಳೆದ ಮೇಲೆ ‘ನನಗೆ ಕೊಂಕಣಿ ಬರುತ್ತದೆ’ ಎಂದು ಹೇಳುವುದಾದರೂ ಹೇಗೆ? ಅಷ್ಟೂ ವರ್ಷ ನನ್ನ ಮುಂದೆ ಆಡಿದ್ದೆಲ್ಲ ಅವರಿಗೆ ನೆನಪಾಗುವುದಿಲ್ಲವೇ?

ಕಲಿಸಿದವರು ಮೋನಿಕಾ ಬಾಯಿ. ಬಂದರಿನಲ್ಲಿ ನಮ್ಮ ಗೋಡೆಗೆ ತಾಗಿ ಅವರ ಪುಟ್ಟ ಬೇಕರಿ. ನಾನು ಅಲ್ಲೇ ಬೆಳೆದವನು. ಒಲೆಯ ಮುಂದೆ ನಿಂತು, ತಿರುಗಿಯೂ ನೋಡದೆ, ಅವರು ನನಗೆ ಹೇಳುತ್ತಿದ್ದರು — ‘ಸಕಯ್ಲ್, ದಾವ್ಯಾಕ್.’ ಕೆಳಗೆ, ಎಡಕ್ಕೆ. ಕೆಳಗಿನ ಹಲಗೆಯ ಎಡಗಡೆ ಬನ್ನಿನ ತಟ್ಟೆ. ತಂದು ಕೊಟ್ಟರೆ ನನಗೊಂದು ಬನ್.

ಆ ಶುಕ್ರವಾರ ಪಂದ್ಯ ಸಮನಾಗಿ ಮುಗಿದು ಪೆನಾಲ್ಟಿಗೆ ಬಂತು. ನಮ್ಮ ತಂಡದ ಇಬ್ಬರು ಕೊಂಕಣಿಗರೂ ರಜೆಗೆ ಊರಿಗೆ ಹೋಗಿದ್ದರು. ವಿನ್ಸಿ ಅದನ್ನು ಮೊದಲೇ ವಿಚಾರಿಸಿಕೊಂಡಿದ್ದ. ಆಸ್ಪತ್ರೆಯ ಕಚೇರಿಯಲ್ಲಿ ಕೆಲಸ ಮಾಡುವವನು, ಎಲ್ಲವನ್ನೂ ವಿಚಾರಿಸಿಕೊಳ್ಳುವವನು. ನಿಮ್ಮ ಮೊದಲನೆಯವನು ಚೆಂಡು ಇಟ್ಟ. ಎಲ್ಲಿಗೆ ಒದೆಯಬೇಕೆಂದು ನಡುಗೆರೆಯಿಂದ ವಿನ್ಸಿ ಅವನಿಗೆ ಕೂಗಿದ — ‘ಸಕಯ್ಲ್, ದಾವ್ಯಾಕ್!’

ನಂಬುತ್ತೀಯೋ ಇಲ್ಲವೋ, ಮೊದಲು ಬನ್ನಿನ ವಾಸನೆ ಬಂತು. ಆಮೇಲೆ ನೋಡಿದರೆ ನಾನು ನೆಲದ ಮೇಲಿದ್ದೆ, ಚೆಂಡು ಎದೆಯಲ್ಲಿತ್ತು. ಒದೆಯುವವನ ಎಡ ನನ್ನ ಬಲ ಎಂಬ ಲೆಕ್ಕವನ್ನೂ ನನ್ನ ಮೈ ಅದು ಹೇಗೋ ತಾನೇ ಹಾಕಿಕೊಂಡಿತ್ತು. ಆ ಮೊದಲನೆಯದನ್ನು ಹಿಡಿದದ್ದು ನನ್ನ ಮೈ ಎಂದು ಬೇಕಾದರೆ ಹೇಳುತ್ತೇನೆ. ನನ್ನದು ಬರೀ ಅದೃಷ್ಟ ಎಂದುಕೊಂಡು ವಿನ್ಸಿ ಕೂಗುವುದನ್ನು ನಿಲ್ಲಿಸಲಿಲ್ಲ. ಎರಡನೆಯದು, ಮೂರನೆಯದು — ಅವುಗಳಿಗೆ ನಾನು ಕಿವಿ ನಿಮಿರಿಸಿಕೊಂಡು ಕಾದಿದ್ದೆ.

ಇಷ್ಟರವರೆಗೆ ನಾನು ಮಾಡಿದ್ದು ದೊಡ್ಡ ತಪ್ಪೆಂದು ಈಗಲೂ ಅನಿಸುವುದಿಲ್ಲ. ಕೂಗಿದವನು ಅವನು, ಕೇಳಿಸಿತು ನನಗೆ. ಆಗಲೇ ಹೇಳಿಬಿಟ್ಟಿದ್ದರೆ ಎಲ್ಲರೂ ನಗುತ್ತಿದ್ದರು, ವಿನ್ಸಿ ಎರಡು ಬೈಗುಳ ಬೈದು ಚಹಾ ಕುಡಿಸುತ್ತಿದ್ದ. ತಪ್ಪಾದದ್ದು ಆಮೇಲೆ.

ವಿನ್ಸಿ ನನ್ನ ಹತ್ತಿರ ಬಂದ. ಕಣ್ಣಲ್ಲಿ ಕಣ್ಣಿಟ್ಟು ಮೆಲ್ಲಗೆ ಕೇಳಿದ.

‘ಇಸ್ಮಾಯಿಲ್, ತುಕಾ ಕೊಂಕ್ಣಿ ಕಳ್ತಾಗೀ?’

ನಿನಗೆ ಕೊಂಕಣಿ ಅರ್ಥವಾಗುತ್ತದೆಯೇ ಎಂದು, ಕೊಂಕಣಿಯಲ್ಲೇ. ಬುದ್ಧಿವಂತ — ಉತ್ತರ ಬಾಯಿಯಿಂದ ಬರದಿದ್ದರೂ ಮುಖದಲ್ಲಿ ಬರುತ್ತದೆ ಎಂದುಕೊಂಡಿರಬೇಕು. ನಮ್ಮವರು ಆಗಲೇ ನನ್ನನ್ನು ಹೆಗಲ ಮೇಲೆ ಎತ್ತಲು ಓಡಿ ಬರುತ್ತಿದ್ದರು. ಬಸ್ಸಿನಲ್ಲಿ ಅಷ್ಟು ವರ್ಷ ಅಭ್ಯಾಸ ಮಾಡಿದ ಮುಖ ನನ್ನದು. ಹುಬ್ಬು ಗಂಟಿಕ್ಕಿ ಹೇಳಿದೆ —

‘ಎಂತ?’

ಅಷ್ಟೇ. ಒಂದೇ ಮಾತು. ಮೋನಿಕಾ ಬಾಯಿ ತಿನ್ನಿಸಿದ ಅಷ್ಟೂ ಬನ್ನನ್ನು ಆ ಒಂದು ಮಾತಿನಲ್ಲಿ ಉಗುಳಿದೆ. ವಿನ್ಸಿ ನಂಬಿದ. ನಂಬಿ, ಸುತ್ತ ನೋಡಿದ. ಕೊಂಕಣಿ ಗೊತ್ತಿದ್ದು, ನನ್ನ ಕೋಣೆಯಲ್ಲೇ ಇದ್ದು, ನನ್ನ ಜಾತಿಯವನೇ ಆಗಿದ್ದ ಒಬ್ಬ ಅವನ ತಂಡದಲ್ಲಿದ್ದ. ನೀನು ಹರಕೆ ಹೊತ್ತವನ ಹಾಗೆ ಪ್ರತಿ ಪೆನಾಲ್ಟಿಗೂ ಟೋಪಿ ತೆಗೆದು ಮತ್ತೆ ಇಟ್ಟುಕೊಳ್ಳುತ್ತಿದ್ದೆ. ಅದು ನಿನ್ನ ಹಳೆಯ ಅಭ್ಯಾಸ. ನಿನ್ನವರಿಗೆ ಅದು ಆ ದಿನ ಸನ್ನೆಯಾಗಿ ಕಂಡಿತು.

‘ಉಂಡ ಮನೆಗೆ ಎರಡು ಬಗೆದೆಯಲ್ಲ ಮಾರಾಯಾ,’ ಎಂದ ವಿನ್ಸಿ. ‘ಖಲಾಸ್. ಇನ್ನು ಆ ಜೆರ್ಸಿ ಹಾಕ್ಬೇಡ.’

ನೀನು ಏನೋ ಹೇಳಲು ಹೋದೆ. ನಾನು ಹೆಗಲುಗಳ ಮೇಲೆ ಇದ್ದೆ. ಅಲ್ಲಿಂದ ಎಲ್ಲ ಸರಿಯಾಗಿ ಕಾಣುತ್ತಿತ್ತು.

ಮನೆಗೆ ಬಂದು ನೀನು ಬೈಯಲಿಲ್ಲ, ಅಳಲಿಲ್ಲ. ಕೇಳಿದೆ.

‘ಸತ್ಯ ಹೇಳು ಮಾರಾಯ, ನಿಂಗೆ ಹೇಗೆ ಗೊತ್ತಾದದ್ದು?’

‘ಕಾಲು ನೋಡಿದೆ.’

‘ಯಾವ ಕಾಲು? ಒದೆಯುವ ಕಾಲಾ, ಊರಿದ ಕಾಲಾ?’

ಮುಂದಿನ ಸುಳ್ಳಿಗೆ ಆಯ್ಕೆ ಬೇರೆ ಕೊಟ್ಟಿದ್ದೆ ನೀನು! ‘ಊರಿದ ಕಾಲು,’ ಎಂದೆ.

ನೀನು ನಂಬಿದೆ. ಮರುದಿನದಿಂದಲೇ ಮೊಬೈಲಿನಲ್ಲಿ ಪೆನಾಲ್ಟಿಗಳನ್ನು ನಿಧಾನಗತಿಯಲ್ಲಿ ನೋಡಲು ಕುಳಿತೆ. ಊರಿದ ಕಾಲಿನ ಹೆಬ್ಬೆರಳು ಎತ್ತ ತಿರುಗಿದೆ, ಹಿಮ್ಮಡಿ ಎಷ್ಟು ಎದ್ದಿದೆ, ಸೊಂಟ ಯಾವಾಗ ಹೊರಳುತ್ತದೆ — ಆರು ವರ್ಷ! ನೀನು ಅಹ್ಮದಿ ಎಂಬ ಊರಿಗೆ ಮನೆ ಬದಲಿಸಿದ ಮೇಲೂ ವಾಟ್ಸಾಪಿನಲ್ಲಿ ಕಳಿಸುತ್ತೀ: ‘ಇದು ಎತ್ತ ಹೋಗ್ತದೆ ಹೇಳು ನೋಡುವಾ?’ ನಾನು ಊಹಿಸುತ್ತೇನೆ, ತಪ್ಪುತ್ತೇನೆ. ‘ನಿಂಗೆ ಈಗ ಕಣ್ಣು ಮಂಜು,’ ಎಂದು ನಗುತ್ತೀ. ಮೊದಮೊದಲು ನನಗೂ ನಗು ಬರುತ್ತಿತ್ತು. ಇದೆಂಥ ಹುಚ್ಚು ಇವನಿಗೆ ಎಂದು ಸೋಜಿಗಪಡುತ್ತಿದ್ದೆ.

ಹುಚ್ಚಲ್ಲ ಎಂದು ನನಗೆ ಹೊಳೆದದ್ದು ಕಳೆದ ವಾರ. ನೀನು ಫೋನ್ ಮಾಡಿದೆ, ದನಿಯಲ್ಲಿ ಪರೀಕ್ಷೆ ಪಾಸಾದವನ ಖುಷಿ.

‘ಬರುವ ಶುಕ್ರವಾರ ವಿನ್ಸಿಗೆ ತೋರಿಸ್ತೇನೆ. ಎಲ್ಲ ವಿಡಿಯೋ ಇಟ್ಟಿದ್ದೇನೆ. ಕಾಲು ನೋಡಿ ಹೇಳ್ಲಿಕ್ಕೆ ಆಗ್ತದೆ ಅಂತ ಅವನಿಗೆ ಗೊತ್ತಾದ್ರೆ ಸಾಕು. ಮತ್ತೆ ಜೆರ್ಸಿ ಕೊಡ್ಲಿ, ಬಿಡ್ಲಿ.’

ಫೋನ್ ಇಟ್ಟ ಮೇಲೆ ನಾನು ಸ್ಟೋರಿನ ಏಣಿಯ ಮೇಲೆ ಕುಳಿತುಬಿಟ್ಟೆ. ನೀನು ಫುಟ್‌ಬಾಲ್ ಕಲಿಯುತ್ತಿರಲಿಲ್ಲ, ಅಶ್ರಫ್. ನಾನು ಹೇಳಿದ್ದು ನಿಜವೆಂದು ತೋರಿಸಿದರೆ ನೀನು ದ್ರೋಹಿಯಲ್ಲ ಎಂದಾಗುತ್ತಿತ್ತು. ನನ್ನ ಸುಳ್ಳನ್ನೇ ಸಾಕ್ಷಿಯಾಗಿ ಹಿಡಿದುಕೊಂಡು ಆರು ವರ್ಷ... ಒಮ್ಮೆಯಾದರೂ ನನ್ನ ಮೇಲೆ ಅನುಮಾನ ಬರಲಿಲ್ಲವೇ ನಿನಗೆ? ಬರಬೇಕಿತ್ತು. ಪ್ರತಿ ವರ್ಷ ಪಂದ್ಯದ ದಿನ ನೀನು ಬರುತ್ತೀ, ಯಾವ ಕಡೆಯ ನೀರಿನ ಬಾಟಲಿಯನ್ನೂ ಮುಟ್ಟದೆ ನನ್ನ ಗೋಲಿನ ಹಿಂದೆ ನಿಲ್ಲುತ್ತೀ. ನಾನು ನಿನಗೆ ಬೆನ್ನು ಹಾಕಿ ನಿಲ್ಲುತ್ತೇನೆ. ನನಗೆ ಹೆದರಿಕೆಯಿತ್ತು, ಹೆಸರಿನ ಆಸೆಯೂ ಇತ್ತು. ‘ಕಾಲು ಓದುವ ಇಸ್ಮಾಯಿಲ್’ ಎಂದು ಕರೆದಾಗ ಹಿತವಾಗುತ್ತಿತ್ತು. ಇದರಲ್ಲಿ ಸಬೂಬು ಏನೂ ಇಲ್ಲ.

ಆ ವಿಡಿಯೋಗಳನ್ನು ವಿನ್ಸಿಗೆ ತೋರಿಸಬೇಡ. ಅವನು ನಗುತ್ತಾನೆ, ಅವನ ಜೊತೆ ಎಲ್ಲರೂ ನಗುತ್ತಾರೆ, ಮತ್ತು ಅದಕ್ಕೂ ನಾನೇ ಕಾರಣನಾಗುತ್ತೇನೆ. ನನ್ನನ್ನು ಕ್ಷಮಿಸು ಎಂದೂ ಕೇಳುತ್ತಿಲ್ಲ. ಇನ್ನು ನನ್ನ ಜೊತೆ ಮಾತು ಬೇಡವೆಂದರೆ ಅದೂ ನ್ಯಾಯವೇ. ಒಂದು ದಿನ ಮಾತ್ರ ಬಾ. ಶುಕ್ರವಾರ ಗೋಲಿನ ಹಿಂದೆ ನಿಲ್ಲಬೇಡ, ನಡುಗೆರೆಗೆ ಬಾ. ಎರಡೂ ತಂಡ ಕೈಕುಲುಕಲು ಸಾಲಾಗಿ ನಿಂತಾಗ ವಿನ್ಸಿಯನ್ನು ಕರೆದು, ಅಂದು ಕೇಳಿದ್ದನ್ನೇ ಇನ್ನೊಮ್ಮೆ ಕೇಳು ಎನ್ನುತ್ತೇನೆ. ಕೊಂಕಣಿಯಲ್ಲೇ ಕೇಳಲಿ, ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ ಕೇಳಲಿ.

‘ಕಳ್ತಾ,’ ಎನ್ನುತ್ತೇನೆ.