ಗುಳಿಗೆ ಬಿಟ್ಟವನ ಕೈ

ಗಡಿಯಾರ ರಿಪೇರಿಯವನಿಗೆ ಮೂತ್ರಪಿಂಡ ಕೊಟ್ಟವಳು ಅವನ ಹೆಂಡತಿ. ಅದು ಒಗ್ಗಿತು, ಜೀವ ಉಳಿಯಿತು. ಆದರೆ ಮೈ ಅದನ್ನು ಪರರದೆಂದು ಹೊರದಬ್ಬದಂತೆ ಬೆಳಿಗ್ಗೆ ಸಂಜೆ ನುಂಗಬೇಕಾದ ಗುಳಿಗೆಗಳು ಅವನ ಬೆರಳಿಗೆ ನಡುಕ ತಂದವು. ಚಿಮಟದಲ್ಲಿ ಹಿಡಿಯುವ ಸ್ಕ್ರೂ ಸಾಸಿವೆಗಿಂತ ಸಣ್ಣದು. ದಿನಕ್ಕೆ ನಾಲ್ಕು ಸಲ ನೆಲಕ್ಕೆ ಮೊಣಕಾಲೂರಿ ಅದನ್ನು ಹುಡುಕುತ್ತಿದ್ದ.

ಅದೇ ವಾರ, ಅದೇ ಆಸ್ಪತ್ರೆಯಲ್ಲಿ, ಪಕ್ಕದ ಬೀದಿಯ ಕ್ಷೌರಿಕನಿಗೂ ಕಸಿಯಾಗಿತ್ತು. ಕೊಟ್ಟವನು ಸ್ವಂತ ಅಣ್ಣ. ಒಂದು ಅಧ್ಯಯನದ ಭಾಗವಾಗಿ ವೈದ್ಯರು ಅಣ್ಣನ ರಕ್ತದಿಂದ ಬೇರ್ಪಡಿಸಿದ ಜೀವಕೋಶಗಳನ್ನೂ ತಮ್ಮನಿಗೆ ಏರಿಸಿದ್ದರು. ಹೊಸ ಮೂತ್ರಪಿಂಡ ತನ್ನದೇ ಎಂದು ಮೈ ನಂಬಲಿ ಎಂದು. ನಂಬಿತು. ವರ್ಷ ಕಳೆಯುವಷ್ಟರಲ್ಲಿ ಗುಳಿಗೆಗಳನ್ನು ಒಂದೊಂದಾಗಿ ಬಿಡಿಸಿದರು.

"ನಂಗೂ ಹಾಗೇ ಮಾಡಿ ಡಾಕ್ಟ್ರೇ," ಎಂದು ಗಡಿಯಾರದವನು ತನ್ನ ವೈದ್ಯೆಯನ್ನು ಕೇಳಿದ.

"ಆ ಅಧ್ಯಯನ ಅಂಗಾಂಶ ಪೂರ್ತಿ ಹೊಂದೋ ಒಡಹುಟ್ಟಿದವರಿಗೆ ಮಾತ್ರ. ನಿಮ್ದೂ ನಿಮ್ಮ ಹೆಂಡತೀದೂ ಅಷ್ಟು ಹೊಂದಲ್ಲ," ಎಂದರು ಆಕೆ.

ಅಂದಿನಿಂದ ಕ್ಷೌರಿಕನ ಅಂಗಡಿ ಮುಂದೆ ಹಾಯುವಾಗಲೆಲ್ಲ ಇವನ ಕಣ್ಣು ಆ ಕೈಗೇ ಅಂಟುತ್ತಿತ್ತು. ಗಿರಾಕಿಯ ಗಂಟಲ ಮೇಲೆ ಕತ್ತಿ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಹರಿದಾಡುತ್ತಿತ್ತು. ಅದನ್ನು ಕಂಡ ಸಿಟ್ಟನ್ನು ಮನೆಯಲ್ಲಿ ತೀರಿಸಿಕೊಳ್ಳುತ್ತಿದ್ದ.

"ನಂಗೂ ಒಡಹುಟ್ಟಿದವರು ಯಾರಾದ್ರೂ ಕೊಟ್ಟಿದ್ರೆ ಈ ಗತಿ ಬರ್ತಿರ್ಲಿಲ್ಲ."

ಹೆಂಡತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ನಾನು ಕೊಟ್ಟಿದ್ದು ನಿಮ್ಮ ಹೊಟ್ಟೇಲೇ ಇದೆ. ಅದರ ಪಕ್ಕ ಕಿಚ್ಚು ಹಾಕ್ಬೇಡಿ."

ಮೂರನೇ ವರ್ಷ ತಪಾಸಣೆಯ ಬೆಂಚಿನ ಮೇಲೆ ಕ್ಷೌರಿಕ ಸಿಕ್ಕ. ಮುಖ ಇಳಿದಿತ್ತು.

"ರಕ್ತದ ರಿಪೋರ್ಟ್ ಕೆಟ್ಟಿದೆ. ಮೈ ತಿರುಗಿಬಿದ್ದಿದೆಯಂತೆ. ಇವತ್ತಿಂದ ಮತ್ತೆ ಗುಳಿಗೆ."

"ಅಯ್ಯೋ ಪಾಪ," ಎಂದ ಇವನು. ಒಳಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ. ಆ ಸಂತೋಷ ತನಗೇ ತಿಳಿದು ಕಿವಿ ಬಿಸಿಯಾಯಿತು.

ತಿಂಗಳಾದ ಮೇಲೆ ಕ್ಷೌರಿಕ ಗಡಿಯಾರದ ಅಂಗಡಿಗೇ ಬಂದು ಕೈ ಚಾಚಿದ. ಬೆರಳು ನಡುಗುತ್ತಿದ್ದವು.

"ಗಂಟಲ ಹತ್ರ ಕತ್ತಿ ಇಡೋಕೆ ಭಯ. ನೀವು ಹೇಗೆ ನಿಭಾಯಿಸ್ತೀರಿ?"

ಬಾಯಿಗೆ ಬಂದ ಕೊಂಕನ್ನು ನುಂಗಿ ಇವನು ಕುರ್ಚಿ ಎಳೆದು ಕೊಟ್ಟ. ಮೊಣಕೈ ಊರುವುದು, ಮಣಿಕಟ್ಟಿಗೆ ಇನ್ನೊಂದು ಕೈಯ ಆಸರೆ ಕೊಡುವುದು, ಗುಳಿಗೆ ನುಂಗಿದ ಮೇಲೆ ಎರಡು ಮೂರು ಗಂಟೆ ನಾಜೂಕಿನ ಕೆಲಸ ಮುಟ್ಟದಿರುವುದು, ಎಲ್ಲ ತೋರಿಸಿದ. ಮತ್ತೆ ಶುರುವಾದ ಗುಳಿಗೆಗಳಿಂದ ಕ್ಷೌರಿಕನ ಮೂತ್ರಪಿಂಡ ಉಳಿಯಿತು. ಎರಡೇ ವಾರದಲ್ಲಿ ಕ್ಷೌರಿಕ ಮತ್ತೆ ಕತ್ತಿ ಹಿಡಿದ.

ಇವನಿಗೆ ಅಷ್ಟು ಕಲಿಯಲು ಒಂದು ವರ್ಷ ಹಿಡಿದಿತ್ತು. ಅದಕ್ಕೂ ಹೊಟ್ಟೆ ಉರಿಯಿತೆಂದು ಹೆಂಡತಿಯ ಹತ್ತಿರ ಒಪ್ಪಿಕೊಂಡ. ಆದರೂ ಮುಂದಿನ ತಪಾಸಣೆಗೆ ಇವನೂ ಕ್ಷೌರಿಕನೂ ಒಂದೇ ಬಸ್ಸಿನಲ್ಲಿ ಹೋದರು.