ಕೋದಂಡಪ್ಪನ ಬೀಳುವ ವಿದ್ಯೆ

ಕೋಲಾರ ಚಿನ್ನದ ಗಣಿಯ ಆಂಡರ್ಸನ್‌ಪೇಟೆಯಲ್ಲಿ ಒಂದು ಗರಡಿ ಇತ್ತು. ಅಲ್ಲಿ ಜಪಾನಿನ ಜೂಡೊ ಕಲಿಸುತ್ತಿದ್ದವನು ಕೋದಂಡಪ್ಪ ಎಂದರೆ ಹೊಸಬರು ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಿದ್ದರು. ಆಳು ಅಷ್ಟು ಪೀಚು. ನಂದಿದುರ್ಗ ಗಣಿಯಲ್ಲಿ ಸುರಂಗಕ್ಕೆ ಮರದ ಆಸರೆ ಕೊಡುವ ಕೆಲಸ ಅವನದು. ಊರು ಬಂಗಾರಪೇಟೆ ಪಕ್ಕದ ಹಳ್ಳಿ. ಮಾತು ಕಡಿಮೆ, ಆಡಿದರೂ ಪಕ್ಕದಲ್ಲಿದ್ದವನಿಗೆ ಕೇಳಿಸಿದರೆ ಪುಣ್ಯ.

ಮೀಸೆ ಮೂಡುವ ವಯಸ್ಸಿನಲ್ಲಿ ಅವನು ಸೋದರಮಾವನ ಜೊತೆ ಮಲಯಕ್ಕೆ ಹೋಗಿದ್ದ. ರಬ್ಬರ್ ತೋಟದ ಕೆಲಸ ಮೈಗೆ ಹಿಡಿಸದೆ, ಪೇಟೆಯಲ್ಲಿ ಮೊರಿಟಾ ಎಂಬ ಜಪಾನಿನವನ ಲಾಂಡ್ರಿಯಲ್ಲಿ ಇಸ್ತ್ರಿಗೆ ನಿಂತ. ಮೊರಿಟಾ ಸಂಜೆಯಾದರೆ ಹಿತ್ತಲಲ್ಲಿ ಚಾಪೆ ಹಾಸಿ ಜೂಡೊ ಕಲಿಸುತ್ತಿದ್ದ. ಒಂದು ಮಳೆಗಾಲ ಪೂರ್ತಿ ಕೋದಂಡಪ್ಪನಿಗೆ ಅವನು ಕಲಿಸಿದ್ದು ಬೀಳುವುದನ್ನು ಮಾತ್ರ. ಗದ್ದವನ್ನು ಎದೆಗೊತ್ತಿಕೊಂಡು ಬೆನ್ನನ್ನು ದುಂಡಗೆ ಮಾಡಬೇಕು, ನೆಲ ತಾಗುವಾಗ ಅಂಗೈಯಿಂದ ಚಾಪೆಗೆ ಬಾರಿಸಬೇಕು. ಆಗ ಪೆಟ್ಟು ಒಂದೇ ಕಡೆ ಕೂರುವುದಿಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚೆ ಕೋದಂಡಪ್ಪ ಊರಿಗೆ ಹೊರಟಾಗ ಗುರು ತನ್ನ ನಡುಪಟ್ಟಿಯನ್ನೇ ಬಿಚ್ಚಿ ಕೊಟ್ಟು, ಇದನ್ನು ನಿನ್ನ ಊರಿನಲ್ಲಿ ಒಬ್ಬನಿಗಾದರೂ ಕಲಿಸು ಎಂದ.

ಆ ಪಟ್ಟಿ ಬಹಳ ವರ್ಷ ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ಜೊತೆ ಸಂಸಾರ ಮಾಡಿತು. ಐವತ್ತಾರನೇ ಇಸವಿಯಲ್ಲಿ ಗರಡಿಯ ವಸ್ತಾದ್ ದೊಡ್ಡವೆಂಕಟಪ್ಪನವರು, ಭಾನುವಾರ ಸಂಜೆ ಬಂದು ನಿನ್ನ ವಿದ್ಯೆ ಹೇಳಿಕೊಡು ಎಂದು ಬೀಗದ ಕೈ ಕೊಟ್ಟಾಗ ಅದಕ್ಕೆ ಗಾಳಿ ಸೋಕಿತು. ಕಲಿಯಲು ಬಂದವರು ವಸ್ತಾದರ ಶಿಷ್ಯರೇ, ಗಣಿಯಲ್ಲಿ ದುಡಿಯುವ ಗಟ್ಟಿ ಆಳುಗಳು.

ತೊಡಕು ಇದ್ದದ್ದು ಅಲ್ಲಿಯೇ. ಗರಡಿಯಲ್ಲಿ ಬೆನ್ನಿಗೆ ಕೆಮ್ಮಣ್ಣು ತಾಗಿತೆಂದರೆ ಸೋತ ಹಾಗೆ. ಹಾಗೆ ಸೋತವನು ಆ ಸಂಜೆ ಹನುಮಂತನ ಪಟದ ಮುಂದೆ ದೀಪ ಹಚ್ಚುವಂತಿರಲಿಲ್ಲ. ಇದು ವಸ್ತಾದರು ಮಾಡಿದ ಕಟ್ಟಳೆ. ಅವರ ಬೆನ್ನಿಗೆ ಮಣ್ಣಾದದ್ದನ್ನು ಕಂಡವರು ಪೇಟೆಯಲ್ಲಿ ಯಾರೂ ಇರಲಿಲ್ಲ. ಅಂಥವರ ಕೈಯಲ್ಲಿ ಪಳಗಿದವರಿಗೆ ಕೋದಂಡಪ್ಪ ಬೆನ್ನ ಮೇಲೆ ಬೀಳಿ ಎಂದರೆ ಹೇಗಾಗಬೇಡ?

"ಬೀಳಾಕೂ ಗುರು ಬೇಕೇನಣ್ಣಾ?" ಎಂದು ಶಿಷ್ಯರಲ್ಲೊಬ್ಬನಾದ ಆಂಜಿನಪ್ಪ ನಕ್ಕ. "ಸಂಬ್ಳದ ದಿನ ಚಾಂಪಿಯನ್ ರೀಫ್ಸ್ ಲೈನಿಗೆ ಓದ್ರೆ ಕುಡುಕ್ರನ್ನ ನೋಡಿ ಪುಕ್ಕಟೆ ಕಲೀಬೋದು."

ಎಲ್ಲರೂ ನಕ್ಕರು, ಕೋದಂಡಪ್ಪನೂ ನಕ್ಕ. ತಾನೇ ಬಿದ್ದು ತೋರಿಸಿದ, ಮತ್ತೆ ಮತ್ತೆ ತೋರಿಸಿದ. ಅವರು ತಲೆಯಾಡಿಸಿದರು, ಬೀಳಲಿಲ್ಲ. ಅವನು ಕುಸ್ತಿಯವನಲ್ಲ, ಅವನ ಬೆನ್ನಿಗೆ ಆ ಗರಡಿಯಲ್ಲಿ ಯಾವ ಲೆಕ್ಕವೂ ಇರಲಿಲ್ಲ. ಇದು ಅವನಿಗೆ ಹೊಳೆಯುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ಒಂದು ಭಾನುವಾರ ಅವನು ಆಂಜಿನಪ್ಪನನ್ನು ಸೊಂಟದ ಮೇಲಿಂದ ಎತ್ತಿ ಹಾಕಿದ. ಆಂಜಿನಪ್ಪ ಬೆನ್ನು ಉಳಿಸಿಕೊಳ್ಳಲು ಗಾಳಿಯಲ್ಲೇ ತಿರುಗಿ ಬಲಗೈ ಊರಿದ. ಮುಂಗೈ ಮೂಳೆ ಮುರಿಯಿತು.

ಮರುದಿನ ಅವನ ತಾಯಿ ಪಾಪಕ್ಕ ಕೋದಂಡಪ್ಪನ ಮನೆ ಬಾಗಿಲಿಗೆ ಬಂದಳು. ಕೂಗಾಡಲಿಲ್ಲ. "ಗಂಡಿಲ್ದೋಳು ನಾನು. ಇವ್ನ ಕೈಯೇ ನಮ್ಮನೆ ಕೈ ಕಣಪ್ಪಾ," ಎಂದಷ್ಟೇ ಹೇಳಿ ಹೊರಟುಹೋದಳು. ಗುರುವಿಗೆ ಕೊಟ್ಟ ಮಾತು ದೊಡ್ಡದೋ, ಆ ಹುಡುಗನ ಕೈ ದೊಡ್ಡದೋ ಎಂದು ಕೋದಂಡಪ್ಪ ವಾರವೆಲ್ಲ ಗಣಿಯ ಕತ್ತಲಲ್ಲಿ ಯೋಚಿಸಿದ. ಭಾನುವಾರ ಪಟ್ಟಿಯನ್ನು ಮಡಿಸಿ ಟ್ರಂಕಿಗೆ ಹಾಕಿ, ಬೀಗದ ಕೈ ಹಿಂದಕ್ಕೆ ಕೊಟ್ಟುಬಿಡಲು ಹೊರಟ.

ವಸ್ತಾದರ ಮನೆ ಗರಡಿಗೆ ಅಂಟಿಕೊಂಡೇ ಇತ್ತು. ಅಂಗಳದಲ್ಲಿ ಅವರ ಹೆಂಡತಿ ಓಬಳಮ್ಮ ರಾಗಿ ಕೇರುತ್ತಿದ್ದಳು.

"ಬಾರಪ್ಪಾ ಕೋದಂಡ. ನಿಮ್ಮಣ್ಣಂಗೆ ಏನ್ ಮದ್ದಾಕಿದ್ದೀಯ? ಮೂರೊತ್ತೂ ಕೊಟ್ಗೇಲಿ ಉಲ್ ಮ್ಯಾಗೆ ದಬಕ್ ಅಂತ ಬೀಳದು, ಏಳದು, ತಿರ್ಗಾ ಬೀಳದು. ತಲೆ ತಿರುಗ್ತೈತೇನೋ ಅಂತ ನಾನು ನಿಂಬೆಅಣ್ಣಿನ ಪಾನಕ ಮಾಡ್ಕೊಟ್ಟೆ. ಕುಡ್ದು ಮತ್ತೆ ಓಗಿ ಬಿದ್ರು."

ಕೋದಂಡಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಗರಡಿಯೊಳಗೆ ಕಾಲಿಟ್ಟರೆ ಶಿಷ್ಯರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ಮುರಿದ ಕೈಗೆ ಕಟ್ಟು ಹಾಕಿಸಿಕೊಂಡ ಆಂಜಿನಪ್ಪನನ್ನೂ ಕರೆಸಿದ್ದರು. ವಸ್ತಾದರು ಅಂಗಿ ಬಿಚ್ಚಿ ಹದ ಮಾಡಿದ ಕೆಮ್ಮಣ್ಣಿನ ನಡುವೆ ನಿಂತಿದ್ದರು. ಕೋದಂಡಪ್ಪ ಬೀಗದ ಕೈ ಚಾಚಿದ. ಅವರು ಅದರ ಕಡೆ ನೋಡಲೂ ಇಲ್ಲ.

"ಬಾ, ನನ್ನ ಎತ್ತಿ ಆಕು."

"ಬ್ಯಾಡಣ್ಣಾ. ನಿಮ್ಮ ವಯಸ್ಸೇನು, ನಿಮ್ಮ ಎಸರೇನು."

"ಈ ಐಕಳ ಬೆನ್ನಿಗೆ ಬೀಗ ಆಕಿದ್ದು ನಾನು ಕಣ್ಲಾ. ನೀನ್ ಬಿದ್ರೆ ಅದು ತೆಗಿಯಾಕಿಲ್ಲ."

ಕೋದಂಡಪ್ಪ ಹತ್ತಿರ ಹೋಗಿ ಅವರ ತೋಳು ಹಿಡಿದ. ಜಾಗ ಕೊಟ್ಟ ಪುಣ್ಯಾತ್ಮರ ಮಾನವನ್ನು ಅವರ ಶಿಷ್ಯರ ಮುಂದೆಯೇ ಮಣ್ಣುಪಾಲು ಮಾಡಬೇಕು. ಎತ್ತಿ, ಬೆನ್ನು ತಾಗದ ಹಾಗೆ ಕೈಯಾಸರೆ ಕೊಟ್ಟು ಇಳಿಸಿಬಿಡೋಣ ಎಂದು ಮನಸ್ಸು ಮಾಡಿದ. ಮುದುಕರಿಗೆ ಅದು ತಿಳಿದುಹೋಯಿತು. ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು: "ಕಳ್ಳಾಟ ಆಡ್ಬ್ಯಾಡ. ಐಕ್ಳು ನೋಡ್ತಾವ್ರೆ."

ಕೋದಂಡಪ್ಪ ಕಣ್ಣು ಮುಚ್ಚಿ ಎತ್ತಿ ಹಾಕಿದ. ಅಂಗೈ ನೆಲಕ್ಕೆ ಬಡಿದ ಸದ್ದು ಗರಡಿ ತುಂಬಿತು. ಕಣ್ಣು ಬಿಟ್ಟರೆ ವಸ್ತಾದರ ಗದ್ದ ಎದೆಗೊತ್ತಿತ್ತು, ಬೆನ್ನು ದುಂಡಗಿತ್ತು. ಕೊಟ್ಟಿಗೆಯ ಹುಲ್ಲಿನ ಮೇಲೆ ಅವರು ಕಲಿತದ್ದು ಏನೆಂದು ಅವನಿಗೆ ಆಗ ಅರ್ಥವಾಯಿತು. ಅವರು ನಿಧಾನವಾಗಿ ಎದ್ದು ಶಿಷ್ಯರಿಗೆ ಬೆನ್ನು ತಿರುಗಿಸಿ ನಿಂತರು. ಹೆಗಲಿನಿಂದ ಸೊಂಟದವರೆಗೂ ಕೆಂಪು. ಮುನಿಸ್ವಾಮಪ್ಪ ಎಂಬ ಶಿಷ್ಯ ಒರೆಸಲು ಟವಲ್ ಹಿಡಿದು ಓಡಿ ಬಂದ.

"ಮುಟ್ಬ್ಯಾಡ. ಇರ್ಲಿ," ಎಂದರು.

ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಒಬ್ಬೊಬ್ಬರಾಗಿ ಬಂದರು, ಬಿದ್ದರು, ಎದ್ದರು. ಸಂಜೆಯಾಯಿತು. ದೀಪ ಹಚ್ಚಲು ಮಣ್ಣಾಗದ ಬೆನ್ನು ಒಂದೇ ಒಂದು ಉಳಿದಿತ್ತು, ಗೋಡೆಗೆ ಒರಗಿದ್ದ ಆಂಜಿನಪ್ಪನದು. ವಸ್ತಾದರು ಬೆಂಕಿಪೆಟ್ಟಿಗೆ ಹಿಡಿದು ಅವನ ಕಡೆ ನೋಡಿದರು.

"ಕಟ್ಟಳೆ ಪ್ರಕಾರ ನೀನೇ ಅಚ್ಬೇಕು. ಬಾರ್ಲಾ."

ಆಂಜಿನಪ್ಪ ಪಟದ ಕಡೆ ಹೋಗಲಿಲ್ಲ. ಎಡಗೈಯಿಂದ ಹೇಗೋ ಅಂಗಿ ಬಿಚ್ಚಿದ. ಮಣ್ಣಿಗೆ ಇಳಿದು, ಮುರಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು, ಅಂಗಾತ ಮಲಗಿದ. ಬೆನ್ನನ್ನು ಅತ್ತ ಇತ್ತ ಒಮ್ಮೆ ಉಜ್ಜಿಕೊಂಡು ಎದ್ದ.

"ಈಗ ಅಚ್ತೀನಿ," ಎಂದ.

ಕೋದಂಡಪ್ಪನಿಗೆ ಅಳು ತಡೆಯಲಾಗಲಿಲ್ಲ. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ಒಂದೇ ಕೈಯಲ್ಲಿ ಕಡ್ಡಿ ಗೀರಲು ಆಂಜಿನಪ್ಪನಿಗೆ ಆಗುತ್ತಿರಲಿಲ್ಲವಾದ್ದರಿಂದ, ವಸ್ತಾದರು ಪೆಟ್ಟಿಗೆಯನ್ನು ಅವನ ಮುಂದೆ ಹಿಡಿದು ನಿಂತರು.