ಗಂಗಮ್ಮ ಟೀಚರ್ ಬರೆದ ಚೌಕಾಬಾರ

ಗಂಗಮ್ಮ ಟೀಚರ್ ಕಂಪ್ಯೂಟರಿಗೆ ಬಹುವಚನ ಕೊಡುತ್ತಿದ್ದರು. ಬರೆದ ಪ್ರೋಗ್ರಾಂ ಓಡಿದರೆ "ಭಾಳ ಶಾಣ್ಯಾ ಅದೀರಿ, ಹಿಂಗ ಇರ್ರಿ" ಎನ್ನುವರು. ಪರದೆಯ ಮೇಲೆ ಕೆಂಪಕ್ಷರದಲ್ಲಿ ತಪ್ಪು ಕಾಣಿಸಿಕೊಂಡಿತೋ, ಮರ್ಯಾದೆ ಅಲ್ಲಿಗೇ ಮುಗಿಯುತ್ತಿತ್ತು. "ಲೇ, ಏನಾಗೇತಲೇ ನಿನಗ?" ಹೊಸಪೇಟೆಯ ನಮ್ಮ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಬಹುವಚನ ಕೇಳುತ್ತಿದೆಯೋ ಏಕವಚನವೋ ಎಂಬುದರ ಮೇಲೆ ಅವತ್ತಿನ ಕೆಲಸ ಎಲ್ಲಿಗೆ ಬಂತೆಂದು ನಾನು ಇಲ್ಲಿಂದಲೇ ಹೇಳಬಲ್ಲವನಾಗಿದ್ದೆ.

ದೋಣಿಮಲೈ ಗಣಿಯ ಟೌನ್‌ಶಿಪ್ಪಿನ ಶಾಲೆಯಲ್ಲಿ ಹಿಂದಿ ಕಲಿಸಿ ನಿವೃತ್ತರಾದವರು ಅವರು. ಮದುವೆಯ ಗೋಜಿಗೆ ಹೋಗಿರಲಿಲ್ಲ. ಕ್ವಾರ್ಟರ್ಸ್ ಬಿಟ್ಟು ಬಂದು ನಮ್ಮ ಪಕ್ಕದಲ್ಲಿ ಮನೆ ಹಿಡಿದಿದ್ದರು. ನಾನು ಹಂಪಿಯಲ್ಲಿ ಗೈಡು. ಬೇಸಿಗೆಯಲ್ಲಿ ಬಂಡೆ ಕಾದ ಮೇಲೆ ಪ್ರವಾಸಿಗಳು ಲಾಡ್ಜು ಬಿಟ್ಟು ಹೊರಡುವುದಿಲ್ಲ, ನನಗೂ ಕೆಲಸವಿರುವುದಿಲ್ಲ. ಅಂಥದೊಂದು ಬೇಸಿಗೆಯಲ್ಲಿ ವಿಡಿಯೋ ನೋಡುತ್ತ ಪ್ರೋಗ್ರಾಮಿಂಗ್ ಕಲಿಯತೊಡಗಿದ್ದೆ. ಕರಿಬೇವು ಕೇಳಲು ಬಂದ ಟೀಚರ್ ನನ್ನ ಹಿಂದೆಯೇ ನಿಂತುಬಿಟ್ಟರು.

"ಏನೋ ನಾಗರಾಜ ಇದು?"

"ಪ್ರೋಗ್ರಾಮಿಂಗ್ ಕಲಿಯಾಕತ್ತೀನ್ರಿ ಟೀಚರ್."

"ಯಾವ ಪರೀಕ್ಷಾಕ್ಕ?"

"ಪರೀಕ್ಷಾ ಏನಿಲ್ಲರಿ. ಸುಮ್ನ."

ಆ 'ಸುಮ್ನ' ಅವರಿಗೆ ಎಷ್ಟು ಹಿಡಿಸಿತೆಂದರೆ ಕರಿಬೇವು ಮರೆತೇ ಹೋದರು. "ಜೀವನಾ ಪೂರ್ತಿ ಹುಡುಗರನ್ನ ಪರೀಕ್ಷಾಕ್ಕ ತಯಾರು ಮಾಡೀನಿ. ಸುಮ್ನ ಕಲಿಯೋದು ಹೆಂಗಿರತೈತಿ ನಾನೂ ನೋಡ್ತೀನಿ ತಡಿ" ಎಂದರು. ಕೆಲವೇ ದಿನಗಳಲ್ಲಿ ಲ್ಯಾಪ್‌ಟಾಪ್ ತಂದು ನನ್ನ ಪಕ್ಕ ಕುರ್ಚಿ ಹಾಕಿಕೊಂಡರು.

ಇಬ್ಬರಿಗೂ ಏನೂ ತಿಳಿಯುತ್ತಿರಲಿಲ್ಲ. ವಿಡಿಯೋದ ಹುಡುಗ "ಇದು ತುಂಬಾ ಸುಲಭ" ಎಂದಾಗಲೆಲ್ಲ ನಮ್ಮ ಎದೆ ಧಸಕ್ಕೆನ್ನುತ್ತಿತ್ತು. ಆಮೇಲೆ ಬರುವುದು ಯಾವಾಗಲೂ ಅರ್ಥವಾಗದ್ದೇ. ಸಮಚಿಹ್ನೆ ಎಲ್ಲಿ ಒಂದು ಹಾಕಬೇಕು, ಎಲ್ಲಿ ಎರಡು ಹಾಕಬೇಕು ಎಂಬುದರಲ್ಲೇ ವಾರ ಕಳೆಯಿತು. ಕೊನೆಗೆ ಟೀಚರ್ ತಮ್ಮದೇ ವ್ಯಾಕರಣ ಮಾಡಿಕೊಂಡರು: "ಒಂದು ಹಾಕಿದ್ರ ಹೇಳೋದು, ಎರಡು ಹಾಕಿದ್ರ ಕೇಳೋದು." ಮರುದಿನ ಅದನ್ನು ತಾವೇ ಮರೆತು ಹೇಳಬೇಕಾದಲ್ಲಿ ಕೇಳಿದರು. ಕಂಪ್ಯೂಟರಿಗೆ ಏಕವಚನದ ಸುರಿಮಳೆಯಾಯಿತು.

ಆ ಹೊತ್ತಿಗೆ ಕಂಪ್ಲಿಯಲ್ಲಿದ್ದ ಅವರ ತಂಗಿ ನೀಲಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅಕ್ಕತಂಗಿಯರು ಸೇರಿದಾಗಲೆಲ್ಲ ನೆಲದ ಮೇಲೆ ಗೀಟೆಳೆದು, ಕವಡೆ ಉರುಳಿಸಿ ಚೌಕಾಬಾರ ಆಡುವುದು ಹುಡುಗಿಯರಾಗಿದ್ದಾಗಿನಿಂದ ನಡೆದುಬಂದದ್ದು. ಈಗ ನೀಲಮ್ಮ ನೆಲಕ್ಕೆ ಕೂರುವಂತಿರಲಿಲ್ಲ. ನೋಡಿ ಬಂದ ಟೀಚರ್ ಸಪ್ಪಗಿದ್ದರು. "ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾಳ. ಮಾತ ಆಡವಲ್ಲಳು" ಎಂದರು. ಲ್ಯಾಪ್‌ಟಾಪ್ ತೆರೆಯುತ್ತ, "ನಾನು ಇದರಾಗ ಚೌಕಾಬಾರ ಬರೀತೀನಿ" ಎಂದರು.

"ವಿಡಿಯೋ ಕಾಲ್ ಮಾಡಿ ಇಲ್ಲೇ ನೆಲದ ಮ್ಯಾಲ ಮನಿ ಹಾಕಿ ಆಡಿದ್ರೂ ನಡೀತೈತಲ್ರಿ" ಎಂದೆ ನಾನು.

"ನಡೀತೈತಿ, ನನಗೂ ಗೊತ್ತೈತಿ. ಆದ್ರ ಅಕ್ಕ ತನಗೋಸ್ಕರ ಒದ್ದಾಡಾಕತ್ಯಾಳ ಅಂತ ಆಕಿಗೆ ಗೊತ್ತಾಗಬೇಕು. ದಿನಾ ಫೋನ್ ಮಾಡಿ ಎಲ್ಲಿಗೆ ಬಂತು ಅಂತ ಹೇಳ್ತೀನಿ. ಕೇಳಾಕರ ಈ ಕಡೆ ಹೊಳ್ಳತಾಳ."

ಹಾಗೇ ಆಯಿತು. ಮೊದಮೊದಲು 'ಹ್ಞೂಂ' ಎನ್ನುತ್ತಿದ್ದ ನೀಲಮ್ಮ ಆಮೇಲಾಮೇಲೆ ತಾವೇ ಫೋನ್ ಮಾಡಿ "ಇನ್ನಾ ಆಗಿಲ್ಲೇನ ಅಕ್ಕ?" ಎಂದು ಕೆಣಕತೊಡಗಿದರು.

ಆಗುತ್ತಿರಲಿಲ್ಲ. ಚೌಕಾಬಾರದಲ್ಲಿ ಕಾಯಿ ಹೊರಸುತ್ತು ಮುಗಿಸಿ ಒಳಮನೆಗೆ ತಿರುಗಬೇಕು. ಟೀಚರ್ ಬರೆದ ಕಾಯಿ ತಿರುಗದೆ ನೆಟ್ಟಗೆ ಪರದೆಯಾಚೆ ಹೋಗಿ ಮಾಯವಾಗುತ್ತಿತ್ತು. ಇಬ್ಬರೂ ದಿನಗಟ್ಟಲೆ ಕಣ್ಣು ಕೀಲಿಸಿ ನೋಡಿದರೂ ತಪ್ಪು ಸಿಗಲಿಲ್ಲ. ಒಂದು ಬೆಳಗ್ಗೆ ಅವರು ಅಂಗಳದಲ್ಲಿ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ದೊಡ್ಡದಾಗಿ ಬರೆದು ನನ್ನನ್ನು ಕರೆದರು.

"ನಿಂದ್ರು ಇಲ್ಲಿ. ನೀನು ಕಾಯಿ. ನಾ ಓದಿದಷ್ಟ ಮಾಡು. ಶಾಣ್ಯಾತನ ಬ್ಯಾಡ."

ತಾವು ಬರೆದ ಸಾಲುಗಳನ್ನು ಒಂದೊಂದೇ ಓದತೊಡಗಿದರು. ಬಿದ್ದದ್ದು ನಾಲ್ಕು. ನಾನು ಹೆಜ್ಜೆ ಇಡುತ್ತಾ ಹೋದೆ. ತಿರುಗುವ ಮನೆ ನಡುವೆಯೇ ಬಂತು, ಅವರು ತಿರುಗೆನ್ನಲಿಲ್ಲ. ನಾಲ್ಕೂ ಹೆಜ್ಜೆ ಮುಗಿದ ಮೇಲೆ "ತಿರುಗೋ ಮನಿ ಮ್ಯಾಲ ಅದಿಯೇನು?" ಎಂದು ಓದಿದರು.

"ಇಲ್ಲರಿ. ನೀರಿನ ಡ್ರಮ್ಮಿನ ಬಾಜೂಕ ಅದೀನಿ."

ಟೀಚರ್ ಸೀಮೆಸುಣ್ಣ ಬಿಟ್ಟು ನನ್ನ ಮುಖ ನೋಡಿದರು. "ಅಯ್ಯ, ಪ್ರತಿ ಹೆಜ್ಜಿಗೂ ಕೇಳಬೇಕಿತ್ತಲ್ಲೋ! ಎಲ್ಲಾ ಮುಗದ ಮ್ಯಾಲ ಕೇಳಾಕತ್ತೀನಿ!" ಲ್ಯಾಪ್‌ಟಾಪಿನಲ್ಲಿ ಆ ಸಾಲನ್ನು ಸ್ವಲ್ಪ ಬಲಕ್ಕೆ ಸರಿಸಿ ಹೆಜ್ಜೆಯ ಲೆಕ್ಕದೊಳಗೆ ತಂದರು, ಅಷ್ಟೇ. ಪರದೆಯ ಮೇಲಿನ ಕಾಯಿ ಗಕ್ಕನೆ ಒಳಕ್ಕೆ ತಿರುಗಿತು. ಅರವತ್ತು ದಾಟಿದ ಹೆಂಗಸು ಅಂಗಳದ ನಡುವೆ ನಿಂತು ಹುಡುಗಿಯಂತೆ ಚಪ್ಪಾಳೆ ಹೊಡೆದರು. ಹಂಪಿಗೆ ಬಂದವರು ಏನೇನೋ ನೋಡಿ ಬಾಯಿ ತೆರೆದದ್ದನ್ನು ಕಂಡಿದ್ದೇನೆ. ಅಂಥ ಸಂತೋಷ ನೋಡಿರಲಿಲ್ಲ.

ಮರುದಿನವೇ ಮೊದಲ ಆಟ. ವಿಡಿಯೋ ಕಾಲ್ ಮಾಡಿ ಫೋನನ್ನು ಲ್ಯಾಪ್‌ಟಾಪಿನ ಮುಂದೆ ಡಬ್ಬಿಗೆ ಒರಗಿಸಿ ನಿಲ್ಲಿಸಿದೆವು. ಆ ಕಡೆ ದಿಂಬಿಗೆ ಒರಗಿ ನೀಲಮ್ಮ. ಗುಂಡಿ ಒತ್ತಿದರೆ ಕಂಪ್ಯೂಟರೇ ಕವಡೆ ಉರುಳಿಸುತ್ತಿತ್ತು. ಟೀಚರಿಗೆ ಎರಡು ಸಲ ಎಲ್ಲಕ್ಕಿಂತ ದೊಡ್ಡ ಗರ ಎಂಟು ಬಿತ್ತು, ತಂಗಿಗೆ ಬರೀ ಒಂದು.

"ಕವಡಿ ಮಾಡಿದಾಕಿ ನೀನು. ನಿನ್ನ ಮಾತ ಕೇಳತಾವು" ಎಂದರು ನೀಲಮ್ಮ. "ನಾ ಆಡಂಗಿಲ್ಲ."

"ಲೇ ನೀಲಿ, ಅವು ತಮ್ಮ ಪಾಡಿಗೆ ತಾವು ಬೀಳ್ತಾವ, ನಂದೇನೈತಿ?"

"ಹಂಗಾದ್ರ ನನ್ನ ಕವಡಿ ನಾ ಉರುಳಸ್ತೀನಿ."

ಕವಡೆ ಉರುಳಿಸುವ ಭಾಗಕ್ಕಾಗಿ ಟೀಚರ್ ಪಟ್ಟ ಪಾಡು ನನಗೊಬ್ಬನಿಗೇ ಗೊತ್ತು. ತುಟಿ ಬಿಗಿಹಿಡಿದು ಅಷ್ಟನ್ನೂ ಅಳಿಸಿ, ಬಿದ್ದದ್ದೆಷ್ಟು ಎಂದು ಕೇಳುವ ಸಾಲು ಬರೆದರು. ನೀಲಮ್ಮ ಹಾಸಿಗೆಯ ಮೇಲೆ ತಟ್ಟೆಯಿಟ್ಟುಕೊಂಡು ತಮ್ಮ ಹಳೆಯ ಕವಡೆಗಳನ್ನು ಉರುಳಿಸಿದರು. ತಟ್ಟೆ ನಮಗೆ ಕಾಣಿಸುತ್ತಿರಲಿಲ್ಲ. "ಎಂಟು" ಎಂದರು. ಮತ್ತೆ "ಎಂಟು." ಮೂರನೆಯ ಸಲವೂ ಎಂಟಾದಾಗ ಟೀಚರ್ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಿವಿಯಲ್ಲಿ, "ಸುಳ್ಳು ಹೇಳೋರನ್ನ ಹಿಡಿಯೋ ಪ್ರೋಗ್ರಾಂ ಹೆಂಗ ಬರೀಬೇಕೋ ನಾಗರಾಜ?" ಎಂದರು. ಆದರೂ ಕೇಳಿಸಿತ್ತು, ಆ ಕಡೆ ನೀಲಮ್ಮ ಹೊಟ್ಟೆ ಹಿಡಿದು ನಗುತ್ತಿದ್ದರು. ಅವರು ಬಿದ್ದ ಮೇಲೆ ನಕ್ಕದ್ದು ಅದೇ ಮೊದಲಂತೆ.

ಮಳೆಗಾಲ ಶುರುವಾಗುವ ಮುಂಚೆ ಟೀಚರ್ ಮನೆ ಬಿಟ್ಟು ತಂಗಿಯ ಜೊತೆ ಇರಲು ಕಂಪ್ಲಿಗೆ ಹೊರಟರು. ಬಸ್‌ಸ್ಟ್ಯಾಂಡಿಗೆ ನಾನೇ ಗಂಟುಮೂಟೆ ಹೊತ್ತೊಯ್ದೆ. ಕಿಟಕಿಯ ಪಕ್ಕ ಕೂತು, "ಇನ್ನ ಮುಂದ ಏನು ಬರೀತಿ?" ಎಂದು ಕೇಳಿದರು.

"ಏನರ ಉಪಯೋಗ ಆಗೋದು ಬರೀಬೇಕು ಅನಕೊಂಡೀನ್ರಿ."

"ಉಪಯೋಗದ್ದು ಬರ್ಯಾಕ ಭಾಳ ಮಂದಿ ಅದಾರ" ಎಂದರು. "ನೀನು ಯಾರರ ಒಬ್ಬರು ನಗೋವಂಥಾದ್ದು ಬರಿ."

ಬಸ್ಸು ಹೊರಟಿತು. ಪಕ್ಕದ ಮನೆಗೆ ಈಗ ಬೇರೆಯವರು ಬಂದಿದ್ದಾರೆ, ಸದ್ದಿಲ್ಲದ ಜನ. ಹಂಪಿಯ ಗೈಡೊಬ್ಬ ಪ್ರವಾಸಿಗಳು ಕೇಳಿದ್ದಕ್ಕೆಲ್ಲ ಅಡ್ಡಾದಿಡ್ಡಿ ಉತ್ತರ ಕೊಡುವ ಪ್ರೋಗ್ರಾಂ ಒಂದನ್ನು ನಾನು ಬರೆಯುತ್ತಿದ್ದೇನೆ. ಇನ್ನೂ ಓಡಿಲ್ಲ. ಓಡಿದ ದಿನ ಕಂಪ್ಲಿಯ ಬಸ್ಸು ಹತ್ತುತ್ತೇನೆ.